ಕಜ್ಜಿಯವನ ಮನೆ ಚೀಸ್

ವಸ್ತುಸಂಗ್ರಹಾಲಯದ ಬ್ರೇದಾ ಮೇಡಂ ಪಟ್ಟಣದಿಂದ ಹಸಿ ಜೇಡಿಮಣ್ಣಿನ ಬಿಲ್ಲೆಗಳನ್ನು ಕಾರಿನ ತುಂಬ ಹೇರಿಕೊಂಡು ಬಂದದ್ದೇ ಮಾತೆವ್ಜನ ನೆಮ್ಮದಿ ಕೆಡಿಸಿತು. ಸ್ಲೊವೇನಿಯಾದ ಬೆಟ್ಟದ ಬುಡದ ಪೊದ್ಲಿಪ್ಯೆ ಹಳ್ಳಿಯಲ್ಲಿ ಮನುಷ್ಯನ ಹೆಸರಿಗಿಂತ ಮನೆಯ ಹೆಸರೇ ದೊಡ್ಡದು. ಆ ಹೆಸರುಗಳೆಲ್ಲ ಊರಿನ ಇತಿಹಾಸವಂತೆ, ಉಳಿಸಬೇಕಂತೆ. ಸಂಜೆ ಲಿಂಡನ್ ಮರದ ಕೆಳಗೆ ಊರವರನ್ನೇ ಕೇಳಿ, ಹಸಿಮಣ್ಣಿನ ಮೇಲೆ ಬರೆದು, ಸುಟ್ಟು, ಬಾಗಿಲಿಗೆ ಜಡಿಯುತ್ತಾರಂತೆ. ಫ್ಲೋರ್ಯಾನನದು 'ಯಜಮಾನನ ಮನೆ'. ಉರ್ಬಾನನದು 'ಕಮ್ಮಾರನ ಮನೆ'. ಮಾತೆವ್ಜನದು 'ಕಜ್ಜಿಯವನ ಮನೆ'.

ಹೋದ ವಾರವಷ್ಟೇ ಅವನು ಬಾಗಿಲ ಪಕ್ಕ ಚೀಸ್ ಅಂಗಡಿ ತೆರೆದಿದ್ದ.

“ಕಜ್ಜಿಯವನ ಮನೆ ಚೀಸ್ ಅಂದ್ರೆ ನಾಯಿನೂ ಮೂಸಲ್ಲ,” ಎಂದಳು ಹೆಂಡತಿ ಯೆರಿತ್ಸಾ. “ಸಂಜೆಯೊಳಗೆ ಹೆಸರು ಬದಲಾಯಿಸ್ಕೊಂಡು ಬಾ. ಇಲ್ಲಾಂದ್ರೆ ಅಷ್ಟೂ ನೀನೇ ತಿನ್ನು.”

ಅಂಗಿಯೊಳಗೆ ಚೀಸ್ ಗಡ್ಡೆ ಬಚ್ಚಿಟ್ಟುಕೊಂಡು, ತುಂಬು ಬಸುರಿಯ ಹಾಗೆ ನಡೆಯುತ್ತ, ಅವನು ನೇಜಾ ಅಜ್ಜಿಯ ಮನೆ ಸೇರಿದ. ಊರಿನಲ್ಲಿ ಅವಳಿಗಿಂತ ಹಿರಿಯದೆಂದರೆ ಆ ಲಿಂಡನ್ ಮರವೊಂದೇ.

“ಅಜ್ಜಿ, ನಮ್ಮದು ಹಿಂದೆ 'ಜೇನಿನವನ ಮನೆ' ಅಂತ ಇತ್ತಲ್ವಾ? ಸ್ವಲ್ಪ ನೆನಪು ಮಾಡ್ಕೊ.”

ಅಜ್ಜಿ ಚೀಸನ್ನು ಒತ್ತಿ ನೋಡಿದಳು. “ಬರ್ತಾ ಇದೆ ಕಣಪ್ಪ ನೆನಪು. ಇನ್ನೊಂದು ಗಡ್ಡೆ ಇದ್ರೆ ಪೂರ್ತಿ ಬರುತ್ತೆ.”

ಅಲ್ಲಿಂದ ಕಮ್ಮಾರನ ಮನೆಗೆ ಹೋದ; ಚೀಸ್ ಕಂಡೊಡನೆ ಉರ್ಬಾನನ ನೆನಪೂ ಚುರುಕಾಯಿತು. ಆದರೆ ಅವನದೊಂದು ಅನುಮಾನ. “ಜೇನಿನವನ ಮನೇಲಿ ಒಂದು ಜೇನುಪೆಟ್ಟಿಗೆನೂ ಇಲ್ಲ ಅಂದ್ರೆ ಮೇಡಂ ನಗಲ್ವೇನೋ? ನನ್ನದೊಂದು ತಗೊಂಡು ಹೋಗು. ಹುಷಾರು, ಒಳಗಿರೋರು ಲಂಚ ಮುಟ್ಟಲ್ಲ.”

ತಳ್ಳುಗಾಡಿಯಲ್ಲಿ ಪೆಟ್ಟಿಗೆ ಇಟ್ಟುಕೊಂಡು ಹೊರಟವನಿಗೆ ಫ್ಲೋರ್ಯಾನನ ಟ್ರ್ಯಾಕ್ಟರ್ ಎದುರಾಯಿತು. ಯಜಮಾನರ ಮನೆಗೆ ದಾರಿ ಬಿಡುವುದು ಕಜ್ಜಿಯವರ ಮನೆಯಲ್ಲಿ ತಲೆಮಾರುಗಳ ರೂಢಿ. ಬಿಟ್ಟ. ಗಾಡಿ ಚರಂಡಿಗೆ ಮಗುಚಿತು, ಮುಚ್ಚಳ ಹಾರಿತು, ಒಳಗಿದ್ದವರೆಲ್ಲ ವಿಚಾರಿಸಿಕೊಳ್ಳಲು ಹೊರಬಂದರು.

ಸಂಜೆ ಲಿಂಡನ್ ಮರದ ಕೆಳಗೆ ಬಂದಾಗ ಮಾತೆವ್ಜನ ಮುಖ ಹುದುಗಿದ ಹಿಟ್ಟಿನಂತೆ ಉಬ್ಬಿತ್ತು. ಎರಡು ಕೈಯೂ ಮೈ ಕೆರೆಯುವುದಕ್ಕೆ ಸಾಲುತ್ತಿರಲಿಲ್ಲ.

“ನಮ್ಮದು ಜೇನಿನವನ ಮನೆ, ಮೇಡಂ,” ಎಂದ, ಕತ್ತು ಕೆರೆಯುತ್ತ.

“ಯಾವ ಮನೆ ಅಂತ ಕಣ್ಣಿಗೇ ಕಾಣ್ತಾ ಇದೆಯಲ್ಲ,” ಎಂದ ಫ್ಲೋರ್ಯಾನ್. ಊರೆಲ್ಲ ನಕ್ಕಿತು.

ತಿಂದ ಚೀಸು ಕೆಲಸ ಮಾಡಿತೋ, ಹಳೇ ಸಿಟ್ಟೋ, ನೇಜಾ ಅಜ್ಜಿ ಕೋಲು ಊರಿ ಎದ್ದಳು.

“ನಗಬೇಡ ಕಣೋ. ಇವನ ಮುತ್ತಜ್ಜನಿಗೆ ಯಾವ ಕಜ್ಜಿನೂ ಇರ್ಲಿಲ್ಲ. ಹುಲ್ಲು ಕೊಯ್ದ ಕೂಲಿ ಕೇಳೋಕೆ ನಿಮ್ಮ ಮುತ್ತಜ್ಜನ ಬಾಗಿಲಿಗೆ ಹೋದ. 'ಕಜ್ಜಿ ನಾಯಿ, ದೂರ ನಿಲ್ಲು' ಅಂದ್ರು. ಕೂಲಿ ಸಿಗಲಿಲ್ಲ, ಹೆಸರು ಸಿಕ್ತು. ಅವತ್ತು ನಮ್ಮಜ್ಜಿ ಅಲ್ಲೇ ಕಸ ಗುಡಿಸ್ತಾ ಇದ್ಲು.”

ನಗು ನಿಂತಿತು. ಫ್ಲೋರ್ಯಾನ್ ತನ್ನ ಬೂಟುಗಳನ್ನು ಮೊದಲ ಸಲ ಕಂಡವನಂತೆ ನೋಡತೊಡಗಿದ. ಬ್ರೇದಾ ಮೇಡಂ ಆಗಲೇ ಗೀಚಿದ್ದ ಮೊದಲ ಅಕ್ಷರವನ್ನು ಹೆಬ್ಬೆರಳಿನಿಂದ ಒರೆಸಿಹಾಕಿದರು.

“ಕೂಲಿ ನುಂಗಿದವರು ಇಟ್ಟ ಹೆಸರನ್ನ ನಾನು ಬರೆಯಲ್ಲ.”

ಮಾತೆವ್ಜ್ ಕೆರೆಯುವುದನ್ನು ಮರೆತು ನೆಟ್ಟಗೆ ನಿಂತ. “ಹಾಗಿದ್ರೆ ಜೇನು ಅಂತ ಬರೀರಿ.”

“ಸುಳ್ಳೂ ಬರೆಯಲ್ಲ.” ಮೇಡಂ ಊರವರ ಕಡೆ ತಿರುಗಿದರು. “ಯಜಮಾನರು ಬಿಡಿ, ನೀವು ಹೇಳಿ. ನಿಮ್ಮ ಬಾಯಲ್ಲಿ ಇವರನ್ನ ಏನಂತ ಕರೀತೀರಿ?”

ಅಂಗಿ ಉಬ್ಬಿಸಿಕೊಂಡು ಅಲೆಯುತ್ತಿದ್ದವನನ್ನು ಬೆಳಗಿನಿಂದ ಪ್ರತಿ ಕಿಟಕಿಯೂ ಕಂಡಿತ್ತು.

“ಲಂಚದವ,” ಎಂದ ಉರ್ಬಾನ್, ಮೀಸೆಯ ಚೀಸ್ ಒರೆಸಿಕೊಳ್ಳುತ್ತ.

“ಹೂಂ, ಮಧ್ಯಾಹ್ನದಿಂದ ನಾವೂ ಹಂಗೇ ಅಂತಿದ್ದೀವಿ,” ಎಂದಿತು ಊರು. ಬಡವ ಬಲ್ಲಿದ ಎಲ್ಲರೂ ಒಂದೇ ಮಾತಿಗೆ ಒಪ್ಪಿದ್ದು ಪೊದ್ಲಿಪ್ಯೆಯಲ್ಲಿ ಅದೇ ಮೊದಲು.

“ಚುನಾವಣೆ ವರ್ಷ ಫ್ಲೋರ್ಯಾನ್ ಊರ ಸಂಘದ ಕಟ್ಟಡಕ್ಕೆ ಹೆಂಚು ಹೊದಿಸಿದ,” ಎಂದ ಮಾತೆವ್ಜ್. “ಅದಕ್ಕೆ ಕಲ್ಲಲ್ಲಿ 'ಮಹಾದಾನಿ' ಅಂತ ಕೆತ್ತಿಸಿದ್ರಿ.”

“ಎಲ್ರಿಗೂ ಕಾಣೋ ಹಂಗೆ ಕೊಟ್ರೆ ದಾನ ಕಣಪ್ಪ,” ಎಂದಳು ಅಜ್ಜಿ ಕನಿಕರದಿಂದ. “ಬಚ್ಚಿಟ್ಟು ತಂದ್ರೆ ಲಂಚ. ನಿಂಗೆ ಕೊಡೋಕೆ ಬರಲ್ಲ. ನಿಮ್ಮ ಮನೇಲಿ ಯಾರಿಗೂ ಅಭ್ಯಾಸ ಇಲ್ಲ ನೋಡು.”

ಮೇಡಂ ಬರೆದರು. ಎರಡು ವಾರದಲ್ಲಿ ಬಿಲ್ಲೆ ಸುಟ್ಟು ಗಟ್ಟಿಯಾಗಿ ಬಂದು ಬಾಗಿಲೇರಿತು.

ಅಂದೇ ಅಂಗಡಿಗೆ ಮೊದಲ ಕಾರು ನಿಂತಿತು. ಇಳಿದವನು ಆಹಾರ ತಪಾಸಣೆಯ ಅಧಿಕಾರಿ. 'ಲಂಚದವನ ಮನೆ' ಎಂಬುದನ್ನು ಎರಡೆರಡು ಸಲ ಓದಿ, ನೆಂಟರ ಮನೆಗೆ ಬಂದವನಂತೆ ನಗುತ್ತ ಒಳಬಂದು, ದೊಡ್ಡದೊಂದು ಖಾಲಿ ಚೀಲದ ಬಾಯಿ ಅಗಲಿಸಿ ಹಿಡಿದ.