ಬಾಯಿಲ್ಲದ ಗಾಡಿ

ಕೈಯಿಂದ ಏನನ್ನೂ ಮಾಡಲು ಬಾರದವರಿಗೆ ಒಂದು ಚಟ ಇರುತ್ತದೆ. ಮಾಡಬಲ್ಲವರ ಪಕ್ಕದಲ್ಲಿ ಕುಳಿತು, ಅದನ್ನೇ ಇನ್ನೂ ಸುಲಭವಾಗಿ ಹೇಗೆ ಮಾಡಬಹುದೆಂದು ಹೇಳುತ್ತಿರುವುದು. ಈ ಚಟ ನನಗೆ ಚಿಕ್ಕಂದಿನಿಂದಲೂ ಇದೆ. ನಾನು ಹುಟ್ಟಿದ್ದು ಇರಕಲ್ಲಗಡದ ಬಡಿಗರ ಮನೆಯಲ್ಲಿ. ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಬಾಚಿ, ಉಳಿ ಹಿಡಿದವರೇ. ನಾನು ಹಿಡಿದದ್ದೂ ಒಮ್ಮೆ ಉಂಟು. ಹತ್ತು ವರ್ಷದವನಿದ್ದಾಗ ಅವ್ವನಿಗೆಂದು ಒಂದು ಮಣೆ ಮಾಡಿದ್ದೆ. ಅವ್ವ ಕುಳಿತ ಕೂಡಲೇ ಮಣೆ ಎಡಕ್ಕೆ ವಾಲಿತು. ಅವ್ವ ಬಲಕ್ಕೆ ವಾಲಿ ಸರಿದೂಗಿಸಿಕೊಂಡಳು. ಇರುವಷ್ಟು ದಿನವೂ ಹಾಗೆ ವಾಲಿಕೊಂಡೇ ರೊಟ್ಟಿ ಬಡಿದಳೇ ಹೊರತು ಮಣೆ ಸರಿಯಿಲ್ಲವೆಂದು ಒಮ್ಮೆಯೂ ಅನ್ನಲಿಲ್ಲ. ನನಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವನಾದ ಅಣ್ಣ ಮೌನಪ್ಪ ಮಾತ್ರ ಅಂದೇ ನನ್ನ ಕೈಯಿಂದ ಉಳಿ ಇಸಿದುಕೊಂಡು ಪಾಟಿ ಬಳಪ ಕೊಟ್ಟ.

ಹೀಗಾಗಿ ನಾನು ಕೊಪ್ಪಳದಲ್ಲಿ ಲೆಕ್ಕದ ಮಾಸ್ತರನಾದೆ. ಆಗ ನಮ್ಮದು ನಿಜಾಮರ ಸೀಮೆ. ಲೆಕ್ಕವನ್ನು ನಾನು ಉರ್ದುವಿನಲ್ಲಿ ಕಲಿಸುತ್ತಿದ್ದೆ, ಹುಡುಗರು ಅದನ್ನು ಕನ್ನಡದಲ್ಲಿ ತಪ್ಪು ಮಾಡುತ್ತಿದ್ದರು. ಒಟ್ಟಿನಲ್ಲಿ ಎರಡೂ ಭಾಷೆಗಳಿಗೆ ಕೆಲಸವಿತ್ತು.

ದೂರದ ದೇಶಗಳಲ್ಲಿ ದೊಡ್ಡ ಯುದ್ಧ ನಡೆದಿದ್ದ ಕಾಲ. ಆ ಬೇಸಿಗೆಯ ಮೊದಲಲ್ಲಿ, ಹೊಲ ಹರಗುವ ಕುಂಟಿ ಕೆತ್ತುತ್ತಿದ್ದಾಗ ಅಣ್ಣನ ಬಾಚಿ ಜಾರಿ ಅವನದೇ ಎಡಗೈ ಹೆಬ್ಬೆರಳಿನ ಬುಡಕ್ಕೆ ಬಿತ್ತು. ಗಾಯವೇನೋ ಮಾಯಿತು, ಆದರೆ ಹೆಬ್ಬೆರಳು ಮತ್ತೆ ಮಡಚಲಿಲ್ಲ. ಹೆಬ್ಬೆರಳಿಲ್ಲದೆ ಉಳಿ ಹಿಡಿಯಲಾಗದು, ಉಳಿ ಇಲ್ಲದೆ ನೇಗಿಲಿಲ್ಲ, ಬಂಡಿಯ ಗಾಲಿಯಿಲ್ಲ. ರೈತರು ಎರಡು ತಿಂಗಳು ಕಾದು, ಬೇರೆ ಬಡಿಗರ ಕಡೆ ಹೋದರು. ಹೋಗುವಾಗ ಅಣ್ಣನಿಗೆ ಕಾಣದಂತೆ ಹಿಂದಿನ ಓಣಿಯಲ್ಲಿ ಹೋಗುತ್ತಿದ್ದರಂತೆ. ಅವನಿಗೆ ಹೆಚ್ಚು ನೋವಾದದ್ದು ಅದರಿಂದಲೇ ಎಂದು ಅವನ ಹೆಂಡತಿ, ನನ್ನ ವೈನಿ ಕಾಳಮ್ಮ ಆಮೇಲೆ ಹೇಳಿದಳು. ಅಣ್ಣ ದಿನವಿಡೀ ಕಟ್ಟೆಯ ಮೇಲೆ ಕುಳಿತು ಆ ಬೆರಳನ್ನು ಇನ್ನೊಂದು ಕೈಯಿಂದ ಒತ್ತುತ್ತಿರುತ್ತಾನೆ, ನೀವೊಮ್ಮೆ ಬಂದು ಹೋಗಿ ಎಂದು ಅವಳೇ ನನಗೆ ಹೇಳಿಕಳಿಸಿದ್ದು. ಸಾಲೆಗೆ ರಜೆ ಬಿದ್ದ ಮರುದಿನವೇ ಹೋದೆ.

ಅಣ್ಣನ ಬಳಿ ಉಳಿದಿದ್ದ ಕೆಲಸ ಒಂದೇ: ಕೂಸುಗಳು ಹಿಡಿದುಕೊಂಡು ನಡೆಯಲು ಕಲಿಯುವ ಮೂರು ಗಾಲಿಯ ಗಾಡಿ. ಅಪ್ಪನ ಕಾಲದಿಂದಲೂ ನಮ್ಮ ಮನೆಯ ಗಾಡಿಗೆ ಸುತ್ತಲಿನ ಹಳ್ಳಿಗಳಲ್ಲಿ ಹೆಸರಿತ್ತು. ಮುಂದಿನ ಗಾಲಿ ಸಣ್ಣದು, ಹಿಂದಿನವು ದೊಡ್ಡವು. ಹಿಡಿಕೆಯ ಎರಡು ತುದಿಗೂ ಕೆತ್ತಿದ ಗಿಣಿ. ಗಾಲಿ ತಿರುಗಿದಂತೆಲ್ಲ ಟಕ್ ಟಕ್ ಎಂದು ಬಡಿಯುವ ಮರದ ನಾಲಿಗೆ ಬೇರೆ. ಮೊದಲು ಎರಡು ದಿನದಲ್ಲಿ ಮುಗಿಸುತ್ತಿದ್ದ ಗಾಡಿಯನ್ನು ಅಣ್ಣ ಈಗ ಹದಿನೈದು ದಿನವಾದರೂ ಮುಗಿಸಿರಲಿಲ್ಲ. ಅರ್ಧ ಕೆತ್ತಿದ ಗಿಣಿಯೊಂದು ಕಟ್ಟೆಯ ಮೂಲೆಯಲ್ಲಿ ಬಿದ್ದಿತ್ತು. ಅದಕ್ಕೆ ಕೊಕ್ಕಿತ್ತು, ಕಣ್ಣಿರಲಿಲ್ಲ.

ನನ್ನ ಚಟ ಎದ್ದು ಕೂತಿತು. ಹಳೆಯ ಗಾಡಿಯೊಂದನ್ನು ತಂದು, ಕಟ್ಟೆಯ ಮೇಲೆ ಬಿಚ್ಚಿ, ತುಂಡುಗಳನ್ನು ಸಾಲಾಗಿ ಇಟ್ಟು ಎಣಿಸಿದೆ. ಗೂಟಗಳನ್ನು ಬಿಟ್ಟು ಹತ್ತೊಂಬತ್ತಾದವು. ಮಗ್ಗಿ ಹೇಳಿಸುವ ದನಿಯಲ್ಲಿ ಅಣ್ಣನಿಗೆ ಒಂದೊಂದನ್ನೂ ತೋರಿಸಿ, ಇದು ಯಾಕೆ ಬೇಕು, ಅದು ಯಾಕೆ ಬೇಕು ಎಂದು ಕೇಳಿದೆ. ಮೊದಲಿಂದಲೂ ಇದೆ ಎಂಬುದು ಬಿಟ್ಟರೆ ಅವನಲ್ಲಿ ಬೇರೆ ಉತ್ತರವಿರಲಿಲ್ಲ. ಪಾಠ ಮುಗಿಸಿ ಗಾಡಿಯನ್ನು ತಿರುಗಿ ಜೋಡಿಸಲು ಕುಳಿತೆ. ಜೋಡಿಸಿದ ಮೇಲೂ ಕೈಯಲ್ಲಿ ನಾಲ್ಕು ತುಂಡು ಉಳಿದವು. ಗಾಡಿ ಮುಂದಕ್ಕೆ ನೂಕಿದರೆ ಹಿಂದಕ್ಕೆ ಬಂತು. ಅದನ್ನು ನೋಡಿ ಅಣ್ಣ ನಕ್ಕ. ಗಾಯವಾದಾಗಿನಿಂದ ಆ ಮನೆಯಲ್ಲಿ ಅಂಥ ನಗು ಕೇಳಿರಲಿಲ್ಲವೆಂದು ವೈನಿ ಒಳಗಿನಿಂದ ಎದ್ದು ಬಂದು ಬಾಗಿಲಲ್ಲಿ ನಿಂತಳು. ನಾನು ಬೇಕೆಂದೇ ಹಾಗೆ ಮಾಡಿದೆನೆಂದು ಅವಳು ಇಂದಿಗೂ ನಂಬಿದ್ದಾಳೆ. ಆ ನಂಬಿಕೆಯನ್ನು ನಾನು ಕೆಡಿಸಲು ಹೋಗಿಲ್ಲ.

ಮೂರು ದಿನ ಪಾಟಿಯ ಮೇಲೆ ಬರೆದು ಅಳಿಸಿದ ಮೇಲೆ ನನಗೆ ಹೊಳೆದದ್ದು ಇಷ್ಟು. ಹೆಬ್ಬೆರಳಿಲ್ಲದ ಕೈಗೆ ಉಳಿ ಒಗ್ಗದು, ಆದರೆ ಗರಗಸ ಒಗ್ಗುತ್ತದೆ, ತೂತು ಕೊರೆಯುವ ಬೈರಿಗೆಯೂ ಒಗ್ಗುತ್ತದೆ. ಹಾಗಾದರೆ ಉಳಿಯೇ ಬೇಡದಂಥ ಗಾಡಿ ಆಗಬೇಕು. ಮೂರು ಗಾಲಿಯೂ ಒಂದೇ ಅಳತೆಯವು. ದುಂಡನೆಯ ಬೇವಿನ ಕೊಂಬೆಯನ್ನು ಸೌತೆಕಾಯಿ ಹೆಚ್ಚಿದಂತೆ ಬಿಲ್ಲೆ ಬಿಲ್ಲೆಯಾಗಿ ಕೊಯ್ದರಾಯಿತು. ಯುದ್ಧದಿಂದಾಗಿ ಕಬ್ಬಿಣದ ಮೊಳೆ ಸಿಗುವುದು ಕಷ್ಟವಿತ್ತು, ಆದ್ದರಿಂದ ಎಲ್ಲ ಕಡೆಗೂ ಮರದ ಗೂಟ, ಎಲ್ಲ ಗೂಟಗಳೂ ಒಂದೇ ದಪ್ಪ. ತೂತು ಎಲ್ಲಿ ಬೀಳಬೇಕೆಂದು ಪ್ರತಿಸಲ ಅಳೆಯುವುದು ಬೇಡ. ತೂತುಗಳಿರುವ ಒಂದು ದಪ್ಪ ಹಲಗೆ ಮಾಡಿಟ್ಟುಕೊಂಡು, ತುಂಡನ್ನು ಅದರ ಕೆಳಗಿಟ್ಟು, ಆ ತೂತಿನೊಳಗಿಂದಲೇ ಬೈರಿಗೆ ತಿರುವಿದರೆ ಎಲ್ಲ ಗಾಡಿಗಳಿಗೂ ಒಂದೇ ಜಾಗದಲ್ಲಿ ತೂತು ಬೀಳುತ್ತದೆ. ಗಿಣಿಗಳನ್ನು ತೆಗೆದೆ. ಬರೀ ಸಪ್ಪಳ ಮಾಡುವ ಆ ನಾಲಿಗೆಯನ್ನೂ ತೆಗೆದೆ. ಹತ್ತೊಂಬತ್ತು ಇದ್ದದ್ದು ಎಂಟಕ್ಕೆ ಇಳಿಯಿತು. ನಮ್ಮ ಸಾಲೆಯ ಯಾವ ಹುಡುಗನಿಗೂ ಕಳೆಯುವ ಲೆಕ್ಕ ಅಷ್ಟು ಚೆನ್ನಾಗಿ ಬಂದಿರಲಿಲ್ಲ.

ಅಣ್ಣ ಪಾಟಿಯನ್ನು ಬಹಳ ಹೊತ್ತು ನೋಡಿದ. ಹಸಿ ಕೊಂಬೆ ಕೊಯ್ದರೆ ಬಿಲ್ಲೆ ಒಣಗಿ ಬಿರಿಯುತ್ತದೆ, ಅಟ್ಟದ ಮೇಲಿರುವ ಹಳೆಯ ಒಣಕೊಂಬೆಯೇ ಆಗಬೇಕು ಎಂದಷ್ಟೇ ಅಂದ. ಆಮೇಲೆ ಮೆಲ್ಲಗೆ, "ಗಿಣಿ ಇಲ್ಲದ್ದು ಅದೇನ್ ಗಾಡಿನೋ ತಮ್ಮಾ" ಎಂದ. ನಾನು, ಗಿಣಿ ಗಾಡಿ ಎಳೆಯುವುದಿಲ್ಲವಲ್ಲ ಎಂದೆ. ಅವನು ಎದ್ದು ಗರಗಸ ತಂದ.

ಮೊದಲ ಗಾಡಿಗೆ ಎರಡು ದಿನ ಹಿಡಿಯಿತು. ವಾರ ಕಳೆಯುವುದರೊಳಗೆ ಒಂದೇ ದಿನಕ್ಕೆ ಒಂದರಂತೆ ಆಗತೊಡಗಿದವು. ಏಳು ಗಾಡಿಗಳು ಸಂತೆಗೆ ಹೋದವು, ಏಳೂ ಮನೆಗಳಿಗೆ ಸೇರಿದವು. ಅಣ್ಣ ಹೆಬ್ಬೆರಳು ಒತ್ತಿಕೊಳ್ಳುವುದನ್ನು ಮರೆತಿದ್ದ. ನಾನು ಊರ ಬಾವಿಕಟ್ಟೆಯ ಮೇಲೆ ಕುಳಿತು, ಯಾರೂ ಕೇಳದಿದ್ದರೂ, ತುಂಡು ಕಡಿಮೆ ಮಾಡುವ ಮಹತ್ವವನ್ನು ನಾಲ್ಕು ಜನಕ್ಕೆ ತಿಳಿಸಿ ಹೇಳುತ್ತಿದ್ದೆ.

ಸಂತೆ ಮುಗಿದ ನಾಲ್ಕನೆಯ ದಿನ ಹತ್ತಿರದ ಹಳ್ಳಿಯ ಒಕ್ಕಲಗಿತ್ತಿ ಹನುಮವ್ವ ಸೊಂಟದ ಮೇಲೆ ಕೂಸು, ತಲೆಯ ಮೇಲೆ ಗಾಡಿ ಇಟ್ಟುಕೊಂಡು ಬಂದಳು. ಗಾಡಿ ಇಳಿಸಿ, ಕೂಸನ್ನು ಇಳಿಸಿ, ನೀರು ಕೇಳಿ ಕುಡಿದಳು. ಜಗಳಕ್ಕೆ ಬಂದವಳಂತೆ ಕಾಣಲಿಲ್ಲ.

"ಗಾಡಿ ಛಲೋ ಐತ್ರಿ ಬಡಿಗ್ಯಾರ" ಅಂದಳು. "ಆದ್ರ ಇದಕ್ಕ ಬಾಯಿಲ್ಲ."

ಅವಳು ಹೇಳಿದ್ದನ್ನು ನಾನು ಈಗಲೂ ಪೂರ್ತಿ ಹೇಳಬಲ್ಲೆ. ಒಲೆಯ ಮುಂದೆ ಕುಳಿತವಳಿಗೆ ಬೆನ್ನ ಹಿಂದೆ ಏನಿದೆಯೆಂದು ಕಾಣುವುದಿಲ್ಲ. ಅವಳ ತವರಿನಲ್ಲಿ ನಮ್ಮ ಅಪ್ಪ ಮಾಡಿದ ಗಾಡಿಯಿತ್ತು. ಅದು ಟಕ್ ಟಕ್ ಎನ್ನುವ ತನಕ ಅವಳ ಅವ್ವ ನಿಶ್ಚಿಂತೆಯಿಂದ ರೊಟ್ಟಿ ಬಡಿಯುತ್ತಿದ್ದಳು; ಸಪ್ಪಳ ದೂರವಾದರೆ ಕರೆಯುತ್ತಿದ್ದಳು, ನಿಂತರೆ ಎದ್ದು ಹೋಗುತ್ತಿದ್ದಳು. ನನ್ನ ಗಾಡಿ ಸುಮ್ಮನೆ ಹೋಗಿತ್ತು. ಸುಮ್ಮನೆ ಹಿತ್ತಲ ಬಾಗಿಲು ದಾಟಿ, ದನಕ್ಕೆ ನೀರಿಡುವ ಕಲ್ಲಿನ ಬಾನಿಯವರೆಗೂ ಹೋಗಿತ್ತು. ಕೂಸು ತಲೆಕೆಳಗಾಗಿ ಅದರೊಳಗೆ ಬಗ್ಗುವಷ್ಟರಲ್ಲಿ, ಸಗಣಿ ತಟ್ಟುತ್ತಿದ್ದ ಅತ್ತೆ ಓಡಿಬಂದು ಅಂಗಿ ಹಿಡಿದು ಎಳೆದಳಂತೆ.

"ಅತ್ತಿ ಅಲ್ಲಿದ್ಲು, ಪುಣ್ಯಾ. ಅದಕ್ಕೊಂದು ನಾಲಿಗಿ ಹಾಕಿಕೊಡ್ರಿ, ಅಷ್ಟ" ಎಂದು ಮುಗಿಸಿದಳು.

ಕೂಸು ಅಷ್ಟರಲ್ಲಿ ನನ್ನ ಮೊಣಕಾಲು ಹಿಡಿದು ಎದ್ದು ನಿಂತಿತ್ತು. ಅದರ ಅಂಗೈ ಬೆಚ್ಚಗಿತ್ತು. ನಾನು ಎಣಿಸಿಟ್ಟಿದ್ದ ತುಂಡುಗಳೆಲ್ಲ ಲೆಕ್ಕ ತಪ್ಪಿದವು. ನನ್ನ ಮುಖ ನೋಡಿದ ಅಣ್ಣ, ಬೈಯಲು ಸಿಕ್ಕಿದ ಅವಕಾಶವನ್ನು ಬಿಟ್ಟುಕೊಟ್ಟ.

"ಅಪ್ಪ ಹಾಕ್ತಿದ್ದ, ನಾನೂ ಹಾಕ್ತಿದ್ದೆ. ಯಾಕಂತ ನನಗೂ ಗೊತ್ತಿರಲಿಲ್ಲ ತಮ್ಮಾ. ನೀ ಕೇಳಿದಿ, ನಾ ಹೇಳಲಿಲ್ಲ. ತಪ್ಪು ಇಬ್ಬರದೂ ಐತಿ."

ಹಳೆಯ ನಾಲಿಗೆಯನ್ನು ಉಳಿಯಿಂದಲೇ ಕೆತ್ತಬೇಕು. ಅದು ಅವನಿಂದ ಆಗದು. ನಾನು ಪಾಟಿ ಹಿಡಿದು ಕುಳಿತೆ, ಏನೂ ಹೊಳೆಯಲಿಲ್ಲ. ವೈನಿ ಒಳಗಿನಿಂದ ಹರಿದ ಮೊರವೊಂದನ್ನು ತಂದು, ಅದರ ಅಂಚಿನ ಬಿದಿರಿನ ಸೀಳನ್ನು ಮುರಿದು, ಬೆರಳಿನಿಂದ ಬಗ್ಗಿಸಿ ಬಿಟ್ಟಳು. ಅದು ಟಪ್ ಎಂದು ಬಡಿಯಿತು. "ಇದು ಆಗೂದಿಲ್ಲೇನ್ರಿ ಮಾಸ್ತರ್ರ?" ಎಂದಳು. ಆಯಿತು. ಮುಂದಿನ ಗಾಲಿಗೆ ನಾಲ್ಕು ತೂತು ಹಾಕಿ, ಅದೇ ದಪ್ಪದ ಗೂಟಗಳನ್ನು ತುಸು ಹೊರಗೆ ಉಳಿಯುವಂತೆ ಬಡಿದು, ಚೌಕಟ್ಟಿಗೆ ಗರಗಸದ ಒಂದು ಗೀರು ಹಾಕಿ ಬಿದಿರಿನ ಸೀಳನ್ನು ಸಿಕ್ಕಿಸಿದೆವು. ಗಾಲಿ ತಿರುಗಿದರೆ ಗೂಟಗಳು ಒಂದೊಂದಾಗಿ ಸೀಳನ್ನು ಮೀಟುತ್ತಿದ್ದವು. ಎಂಟು ಇದ್ದದ್ದು ಒಂಬತ್ತಾಯಿತು. ಹನುಮವ್ವ ತಾನೇ ಗಾಡಿ ನೂಕಿ ನೋಡಿ, ಬೆನ್ನು ತಿರುಗಿಸಿ ನಿಂತು, ಇನ್ನೊಮ್ಮೆ ಕೂಸಿನಿಂದ ನೂಕಿಸಿ ಕೇಳಿ, ತಲೆಯಾಡಿಸಿ ಹೊತ್ತುಕೊಂಡು ಹೋದಳು.

ಉಳಿದ ಆರು ಮನೆಗಳಿಗೆ ನಾವೇ ಹೋದೆವು. ಅಣ್ಣನ ಹೆಗಲಿಗೆ ಬೈರಿಗೆಯ ಚೀಲ, ನನ್ನ ಕಂಕುಳಲ್ಲಿ ಬಿದಿರಿನ ಕಟ್ಟು. ಅಷ್ಟು ದೂರ ಅವನ ಜೊತೆ ನಡೆದದ್ದು, ಅವನು ನನ್ನನ್ನು ಮೊದಲ ದಿನ ಸಾಲೆಗೆ ಬಿಟ್ಟುಬಂದ ಮೇಲೆ ಅದೇ ಇರಬೇಕು. ಐದು ಮನೆಗಳಲ್ಲಿ ಮಜ್ಜಿಗೆ ಕೊಟ್ಟರು. ಆರನೆಯ ಮನೆಯ ಅಜ್ಜ ಮಾತ್ರ, ಮನೆಯಲ್ಲಿ ಸಪ್ಪಳ ಮಾಡಲು ಮೂವರು ಸೊಸೆಯಂದಿರಿದ್ದಾರೆ, ಗಾಡಿಯಾದರೂ ಸುಮ್ಮನಿರಲಿ ಎಂದು ತಕರಾರು ತೆಗೆದ. ಸೊಸೆಯಂದಿರು ಮೂವರೂ ಒಟ್ಟಿಗೆ ಹೊರಬಂದು ನಿಂತ ಮೇಲೆ ಅವನೇ ಗಾಡಿಯನ್ನು ನಮ್ಮ ಮುಂದೆ ಸರಿಸಿದ.

ರಜೆ ಮುಗಿದು ನಾನು ಹೊರಡುವ ದಿನ ಅಣ್ಣ ಕಂಬಿಯೊಂದನ್ನು ಒಲೆಯಲ್ಲಿ ಕಾಯಿಸಿ, ಒಂದೇ ಕೈಯಲ್ಲಿ ಹಿಡಿದು, ಹಿಡಿಕೆಯ ಮೇಲೆ ಏನೋ ಸುಡುತ್ತಿದ್ದ. ಬಗ್ಗಿ ನೋಡಿದೆ. ಒಂದೇ ಎಳೆಯ, ಸೊಟ್ಟ ಕೊಕ್ಕಿನ ಗಿಣಿ. ಇದಕ್ಕೆ ಸುಮ್ಮನೆ ಹೊತ್ತು ಹೋಗುತ್ತದಲ್ಲ, ಕೂಸುಗಳು ಇದನ್ನೇನು ನೋಡುತ್ತವೆಯೇ ಎಂದು ಕೇಳಿಯೇಬಿಟ್ಟೆ. ಅಣ್ಣ ಗಿಣಿಯ ಬಾಲ ಸುಡುತ್ತಲೇ ಅಂದ:

"ಇದು ಕೂಸಿಗಲ್ಲೋ. ನನಗ."

ಅಣ್ಣ ಆ ಗಾಡಿಗಳನ್ನು ಬಹಳ ವರ್ಷ ಮಾಡಿದ. ತೂತಿನ ಹಲಗೆಯನ್ನು ಕೇಳಿದ ಬಡಿಗರಿಗೆಲ್ಲ ತೋರಿಸಿದ. ಯಾರಾದರೂ ಹೊಗಳಿದರೆ ಅದು ನಮ್ಮ ಮಾಸ್ತರನ ಲೆಕ್ಕ ಎಂದು ಹೇಳುತ್ತಿದ್ದನಂತೆ. ನಾಲಿಗೆಯ ಕಥೆಯನ್ನು ಮಾತ್ರ ಎಲ್ಲಿಯೂ ಎತ್ತಲಿಲ್ಲ.

ಚಟ ನನಗೆ ಈಗಲೂ ಇದೆ, ಆದರೆ ತಿದ್ದಿಕೊಂಡಿದ್ದೇನೆ. ಏನನ್ನಾದರೂ ತೆಗೆಯುವ ಮೊದಲು ಅದು ಅಲ್ಲಿ ಯಾಕಿದೆ ಎಂದು ಬಳಸುವವರನ್ನೇ ಕೇಳುತ್ತೇನೆ. ಮೊನ್ನೆ ಅಡುಗೆಮನೆಯ ಗೂಟಕ್ಕೆ ಐದು ಸವುಟುಗಳು ತೂಗುತ್ತಿದ್ದದ್ದನ್ನು ಕಂಡು, ಇವೆಲ್ಲ ಯಾಕೆ ಬೇಕು ಎಂದು ಹೆಂಡತಿಯನ್ನು ಬಹಳ ವಿನಯದಿಂದ ಕೇಳಿದೆ. ಅವಳು ಸಾರು ತಿರುವುತ್ತಲೇ, "ಅವು ಇರ್ಲಿ, ಮೊದಲ ನೀವು ಇಲ್ಲಿ ಯಾತಕ್ಕದೀರಿ, ಅದನ್ನ ಹೇಳ್ರಿ" ಅಂದಳು. ನಾನು ನಿಂತು ಪ್ರಾಮಾಣಿಕವಾಗಿ ಯೋಚಿಸಿದೆ. ಯೋಚನೆ ಮುಗಿಯುವ ಮೊದಲೇ ಅವಳು ಕಂಕುಳಲ್ಲಿದ್ದ ಮೊಮ್ಮಗಳನ್ನು ನನ್ನ ಕೈಗೆ ದಾಟಿಸಿ, ಹೊರಗೆ ಹೋಗಿ ಕೂಡಲು ಹೇಳಿದಳು. ಸದ್ಯಕ್ಕೆ ಆ ಕೆಲಸದ ಮೇಲೆ ಮನೆಯಲ್ಲಿ ಉಳಿದುಕೊಂಡಿದ್ದೇನೆ.