ಸಹಿಗೊಂದು ಲೋಟ

ಹನಿರಾಯನ ಕೊರಳಿಗೆ ಉರುಳಾದದ್ದು ಒಂದೇ ನಿಯಮ: ನೀರಿನ ಫೈಲಿಗೆ ಸಹಿ ಹಾಕುವವರು ಮೊದಲು ಆ ನೀರನ್ನು ಒಂದು ಲೋಟ ಕುಡಿಯಬೇಕು.

ನೀರೆಂದರೆ ಬಾವಿಯದಲ್ಲ. ಗಗನಯಾತ್ರಿಗಳ ಮೂತ್ರ, ಬೆವರನ್ನೇ ಸೋಸಿ ಮತ್ತೆ ಅವರಿಗೇ ಕುಡಿಯಲು ಕೊಡುವ ಯಂತ್ರದ್ದು. ಪರೀಕ್ಷೆಗೆಂದು ಕಚೇರಿಯ ಶೌಚಾಲಯದ ಪೀಪಾಯಿಯಿಂದಲೇ ಅದಕ್ಕೆ ಉಣಿಸುತ್ತಿದ್ದರು. ಒಂದೊಂದು ಹನಿಯನ್ನೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುವ ಪರೀಕ್ಷಕನಿಗೆ ಸಹೋದ್ಯೋಗಿಗಳು ಇಟ್ಟ ಹೆಸರು ಹನಿರಾಯ. ಒಂದು ಕ್ರಿಮಿಯೂ ಇಲ್ಲವೆಂದು ಅವನು ಬರೆದಾಗಿತ್ತು. ಅಂದು ಸಂಜೆ ಐದು ಗಂಟೆಯೊಳಗೆ ಮೂರು ಸಹಿ ಬೀಳದಿದ್ದರೆ ಯಂತ್ರ ರಾಕೆಟ್ ಏರುವುದಿಲ್ಲ, ಇವನ ನೌಕರಿ ಉಳಿಯುವುದಿಲ್ಲ.

ಹೂಜಿ ಹಿಡಿದು ಹೊರಟ.

"ನಂಗೆ ನೆಗಡಿ ಕಣಯ್ಯಾ," ಎಂದರು ಯಂತ್ರ ಕಟ್ಟಿದ ಇಂಜಿನಿಯರ್, ಹಾಲು ಒಲ್ಲದ ಮಗುವಿನಂತೆ ಮುಖ ತಿರುಗಿಸಿ. "ನೀನೇ ಕುಡಿ, ನಾನು ಸೈನ್ ಹಾಕ್ತೀನಿ."

ಕುಡಿದ.

"ಇದು ಅಮೃತ ಅಂತ ನೂರು ಸಲ ಭಾಷಣ ಮಾಡಿದ್ದೀನಿ," ಎಂದರು ಗಗನಯಾತ್ರಿಗಳ ಡಾಕ್ಟರಮ್ಮ. "ಗೊತ್ತಿರೋರು ಯಾಕಪ್ಪಾ ಕುಡೀಬೇಕು? ಗೊತ್ತಿಲ್ದೋರು ಕುಡೀಲಿ."

ಎರಡು ಲೋಟ ಇಳಿಸಿದ ಮೇಲೆ ಆ ಸಹಿಯೂ ಬಿತ್ತು.

"ನನ್ನ ಹುದ್ದೆಗೆ ಒಂದು ಲೋಟ ಸಾಕೇನ್ರೀ?" ಎಂದರು ನಿರ್ದೇಶಕರು. ಅವರ ಘನತೆಗೆ ಹೂಜಿಯೇ ಬರಿದಾಯಿತು. ಹನಿರಾಯನ ಹೊಟ್ಟೆ ಕೋಡಿ ಬೀಳಲು ಕಾದ ಕೆರೆಯಂತಾಗಿತ್ತು. ಆಗ ನಿರ್ದೇಶಕರ ಪೆನ್ನು ಗಕ್ಕನೆ ನಿಂತಿತು.

"ಫೈಲ್ ಜೊತೆ ಸೀಲ್ ಮಾಡೋಕೆ ಒಂದು ಬಾಟಲ್ ನೀರು ಬೇಕಲ್ರೀ?"

"ಎಲ್ಲಾ ಕುಡಿದ್ಬಿಟ್ಟೆ ಸಾರ್. ಪೀಪಾಯಿನೂ ಖಾಲಿ."

ನಿರ್ದೇಶಕರು ಅವನ ಹೊಟ್ಟೆ ನೋಡಿದರು. ಅವನು ಬಾಗಿಲು ನೋಡಿದ.

"ಓಡ್ರೀ ಮತ್ತೆ!"

ಯಂತ್ರ ಮುಕ್ಕಾಲು ಗಂಟೆ ಗೊರಗೊರಿಸಿ ಒಂದು ಬಾಟಲ್ ನೀರು ಕೊಟ್ಟಿತು. ಕ್ರಿಮಿ ಸೊನ್ನೆ. ಐದಕ್ಕೆ ಹತ್ತು ನಿಮಿಷವಿದ್ದಾಗ ಹನಿರಾಯ, ಹೆತ್ತ ಕೂಸನ್ನು ತರುವಂತೆ ಅದನ್ನು ಎದೆಗವಚಿ ತಂದ. ಹೊಸ ನೀರಿಗೆ ಹೊಸ ಸಹಿ ಬೇಕೆಂದು ಮೂವರೂ ನಿರ್ದೇಶಕರ ಕೋಣೆಯಲ್ಲೇ ಸೇರಿದ್ದರು. ಬಾಟಲ್ ಕಂಡದ್ದೇ ಮೂರು ಪೆನ್ನುಗಳೂ ಜೇಬಿಗಿಳಿದವು.

"ಇಷ್ಟು ದಿನ ಯಾರದ್ದೋ ಆಗಿತ್ತು, ನಡೀತಿತ್ತು," ಎಂದರು ಇಂಜಿನಿಯರ್. "ಈಗ ನಿಂದು ಅಂತ ಗೊತ್ತಾಯ್ತಲ್ಲಯ್ಯಾ!"

"ಥೂ," ಎಂದು ಡಾಕ್ಟರಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡರು.

"ಇದನ್ನೂ ನಾನೇ ಕುಡೀತೀನಿ ಸಾರ್, ಸೈನ್ ಹಾಕಿ!" ಹನಿರಾಯ ಕೈಮುಗಿದ.

ನಿರ್ದೇಶಕರು ಗಡಿಯಾರದತ್ತ ನೋಡಿ ಫೈಲು ಮುಚ್ಚಿದರು.

"ನಿಮ್ಮದನ್ನ ನೀವೇ ಕುಡಿದು ಪಾಸ್ ಮಾಡಿದ್ರೆ ಪಕ್ಷಪಾತ ಅಂತಾರೆ ಕಣ್ರೀ."