ಮೋಟರ್ ಹಾಕಿ ಬರ್ತೀನಿ

ಬೇರೆಯವರು ಕೈಕೊಟ್ಟರೆ ಬೈದು ಹಗುರಾಗಬಹುದು. ನಮಗೆ ನಾವೇ ಕೈಕೊಟ್ಟರೆ ಯಾರನ್ನು ಬೈಯುವುದು? ಈ ವಯಸ್ಸಿನಲ್ಲಿ ನನಗೆ ಆದ ಆಘಾತ ಅಂಥದ್ದು. ನಾನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಪಂಪಿನ ಶಾಫ್ಟುಗಳನ್ನು ಅಳೆದು ನೋಡುವವಳು. ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಕೆಂಪು ಚೀಟಿ ಕಟ್ಟಿ ಪಕ್ಕಕ್ಕಿಡುತ್ತೇನೆ. ಹದಿನೆಂಟು ವರ್ಷ ಇದನ್ನೇ ಮಾಡಿದ ಮೇಲೆ ಆ ಚಾಳಿ ನನ್ನ ಜೊತೆ ಬಸ್ಸು ಹತ್ತಿ ಮನೆಗೂ ಬರುತ್ತದೆ. ಯಜಮಾನರು ಹೆಚ್ಚಿದ ಬೀನ್ಸ್ ಒಂದೇ ಉದ್ದಕ್ಕಿಲ್ಲ ಎಂದು ಗೊಣಗಿದ ದಿನಗಳೂ ಉಂಟು. ಪಾಪ, ಆ ಮನುಷ್ಯ ಈಗಲೂ ಬೀನ್ಸ್ ಹೆಚ್ಚಿಕೊಡುತ್ತಾರೆ.

ಇಂಥವಳ ಮನೆಯಲ್ಲಿ ಅವರು ‘ಗ್ರಹಪಾಲಕ’ ಎಂಬ ಡಬ್ಬಿಂಗ್ ಧಾರಾವಾಹಿ ನೋಡಲು ಕೂತರು. ಅಂತರಿಕ್ಷ ನೌಕೆಯ ಕಥೆ. ಗಾಳಿಯೇ ಇಲ್ಲದ ಕಡೆ ಢಮಾರ್ ಎಂದು ಸದ್ದು. ನೌಕೆ ತಲೆಕೆಳಗಾದರೂ ನಾಯಕನ ಕ್ರಾಪು ಅಲುಗಾಡುವುದಿಲ್ಲ. ಹಸಿರು ಮುಖದ ಅನ್ಯಗ್ರಹದವರು ಪೌರಾಣಿಕ ನಾಟಕದವರ ಹಾಗೆ “ಎಲವೋ ಭೂಲೋಕದ ಹುಳುವೇ” ಎಂದು ಗುಡುಗುತ್ತಾರೆ. ನನಗೆ ತಡೆಯಲಾಗುತ್ತದೆಯೇ? ಪ್ರತಿ ಢಮಾರಿಗೂ ಒಂದು ಟೀಕೆ. ಒಂದು ಭಾನುವಾರ ಮೈದುನನ ಮನೆಯವರೆಲ್ಲ ಬಂದಿದ್ದಾಗ, “ನಿಮ್ಮಣ್ಣಂಗೆ ಐವತ್ತಾಯ್ತು, ಇನ್ನೂ ಹಸಿರು ಬೊಂಬೆ ನೋಡ್ಕೊಂಡು ಕೂತಿರ್ತಾರೆ” ಎಂದುಬಿಟ್ಟೆ. ಎಲ್ಲರೂ ನಕ್ಕರು. ಅವರೂ ನಕ್ಕು, ಎಂದಿನ ಹಾಗೆ ರಿಮೋಟ್ ತೆಗೆದು ಟೀವಿ ಆರಿಸಿದರು. ಅಷ್ಟಕ್ಕೇ ಬಿಡದೆ ಮರುದಿನ ಕೇಬಲ್ಲಿನವನಿಗೆ ಫೋನ್ ಮಾಡಿ ಆ ಚಾನೆಲ್ಲನ್ನೇ ತೆಗೆಸಿದೆ. ಅವರು ಬೀನ್ಸ್ ಹೆಚ್ಚಲು ಕೂತರು. ಒಪ್ಪಿಕೊಂಡರು ಎಂದುಕೊಂಡೆ.

ನಾವಿರುವುದು ಮಾದನಾಯಕನಹಳ್ಳಿಯಲ್ಲಿ, ಬಾಡಿಗೆಗೆ, ಮಹಡಿಯ ಮೇಲೆ. ಬೋರ್‌ವೆಲ್ ಮೋಟರಿನ ಸ್ವಿಚ್ ಇರುವುದು ಮಾತ್ರ ಕೆಳಗೆ, ಮನೆಯೊಡತಿ ಗೌರಮ್ಮನವರ ನಡುಮನೆಯಲ್ಲಿ, ಅವರ ಟೀವಿಯ ಪಕ್ಕ. ಟ್ಯಾಂಕು ತುಂಬಲು ಅರ್ಧ ಗಂಟೆ ಬೇಕು. ಬೆಳಗಿನ ಸರದಿ ಯಜಮಾನರದು, ಸಂಜೆಯದು ನನ್ನದು. ಒಂದು ಸಂಜೆ ಸ್ವಿಚ್ ಹಾಕಿ ನೋಡುತ್ತೇನೆ, ಗೌರಮ್ಮ ‘ಗ್ರಹಪಾಲಕ’ ಹಾಕಿಕೊಂಡು ಕೂತಿದ್ದಾರೆ! ತಪ್ಪು ಹುಡುಕೋಣವೆಂದು ನಾನೂ ಕೂತೆ. ಹನ್ನೊಂದು ತಪ್ಪು ಎಣಿಸುವಷ್ಟರಲ್ಲಿ ಯಾರೋ ನಾಯಕನನ್ನು ನೌಕೆಯಿಂದ ಹೊರಗೆ ತಳ್ಳಿದರು, ಕಂತು ಮುಗಿಯಿತು. “ಅಯ್ಯೋ ದೇವರೇ!” ಎಂದು ಯಾರೋ ಕೂಗಿಕೊಂಡರು. ಗೌರಮ್ಮ ಅಲ್ಲ, ನಾನು. ಬೆಚ್ಚಿಬಿದ್ದೆ. ಹೊರಗೆ ಟ್ಯಾಂಕು ತುಂಬಿ ನೀರು ರಸ್ತೆಗೆ ಹರಿಯುತ್ತಿತ್ತು.

ಅವತ್ತಿನಿಂದ ಆರೂವರೆ ಹೊಡೆದರೆ ಸಾಕು, “ಮೋಟರ್ ಹಾಕಿ ಬರ್ತೀನಿ” ಎಂದು ಇಳಿಯುವುದೇ. ಒಂದು ಚೊಂಬು ನೀರು ಖರ್ಚಾಗದ ದಿನವೂ ಇಳಿದೆ. ಗೌರಮ್ಮನ ಹೊಲ ಈಗ ತುಮಕೂರು ರಸ್ತೆಯ ಗೋಡೌನುಗಳ ಕೆಳಗಿದೆ. ಅವರು ಸದ್ದಿಗಾಗಲೀ ಕ್ರಾಪಿಗಾಗಲೀ ತಲೆಕೆಡಿಸಿಕೊಂಡವರಲ್ಲ. ನಾಯಕ ಹಸಿರು ಜನರ ಗ್ರಹಕ್ಕೆ ಇಳಿದು ಬಾವುಟ ನೆಟ್ಟಾಗ ಮಾತ್ರ ಕಾಲು ಚಾಚಿ ಕೂತಿದ್ದವರು ಎದ್ದು ಕೂತರು.

“ಅಲ್ಲ ಕಣಮ್ಮ, ಬಾವುಟ ನೆಟ್ಬುಟ್ರೆ ಆಗೋಯ್ತಾ? ಪಾಣಿ ಯಾರ ಎಸ್ರಲ್ಲೈತೆ?”

ನಾನು ದಂಗಾದೆ. ಅಷ್ಟೊಂದು ತಪ್ಪು ಹಿಡಿದ ನನಗೆ ಆ ಗ್ರಹದ ಪಹಣಿ ಕೇಳಬೇಕೆಂದು ಹೊಳೆದಿರಲಿಲ್ಲ.

ಕೊನೆಯ ಕಂತು ಬಂದದ್ದು ಒಂದು ಭಾನುವಾರ. ಮೂರು ಗಂಟೆಗೇ ಕರೆಂಟ್ ಹೋಗಿತ್ತು, ಆದರೆ ಗೌರಮ್ಮನ ಟೀವಿಗೆ ಯುಪಿಎಸ್ ಇದೆ ಎಂದು ನನಗೆ ಗೊತ್ತಿತ್ತು. ಯಜಮಾನರು ಕೊತ್ತಂಬರಿ ಸೊಪ್ಪು ತರಲು ಆಗಲೇ ಹೊರಟಿದ್ದರು. ಒಳ್ಳೆಯದೇ ಆಯಿತು ಎಂದು ಕೆಳಗೆ ಓಡಿದೆ. ನಡುಮನೆಯ ಚಾಪೆಯ ಮೇಲೆ, ತಟ್ಟೆ ತುಂಬ ಹುರಿದ ಅವರೆಕಾಳು ಇಟ್ಟುಕೊಂಡು, ನಮ್ಮ ಯಜಮಾನರು! ಅವರ ಮುಖ ಬಿಳಿಚಿಕೊಂಡಿತು.

“ಮೋಟರ್... ಮೋಟರ್ ಹಾಕೋಣ ಅಂತ ಬಂದೆ” ಎಂದರು.

ಪರೀಕ್ಷೆ ಮಾಡುವ ಬುದ್ಧಿ ಎಲ್ಲಿ ಹೋಗುತ್ತದೆ? “ಕರೆಂಟೇ ಇಲ್ದೆ ಯಾವ ಮೋಟರ್ ಹಾಕ್ತೀರಿ?” ಎಂದೆ.

ಅವರು ಒಂದು ಕ್ಷಣ ಯೋಚಿಸಿದರು. “ಹೌದಲ್ಲ. ನೀನು ಯಾಕೆ ಬಂದೆ?”

ಗೌರಮ್ಮ ಟೀವಿಯಿಂದ ಕಣ್ಣು ತೆಗೆಯದೆ, “ನೆನ್ನೆದು ಬೆಳಗ್ಗೆ ತಿರುಗಿ ಆಕ್ತಾರಲ್ಲ, ಅದುಕ್ಕೆ ಬತ್ತಾರೆ ಇವ್ರು. ಸಂಜೆಗೆ ನೀನು. ಇಬ್ರೂ ಕೇಳ್ನಿಲ್ಲ, ನಾನು ಏಳ್ನಿಲ್ಲ. ಕೂತ್ಕಳಮ್ಮ, ಸುರುವಾಯ್ತು” ಎಂದರು.

ಕೂತೆ. ಕಥೆಯೊಳಗೆ ಮನಸ್ಸು ಹೋಗಲಿಲ್ಲ. ಚಾನೆಲ್ ತೆಗೆಸಿ ಎಂಟು ತಿಂಗಳಾಗಿತ್ತು. ದಿನಾ ಬೆಳಗ್ಗೆ ತಪ್ಪದೆ ಮೋಟರ್ ಹಾಕುತ್ತಾರೆಂದು ನಾನು ನೆಂಟರಿಷ್ಟರ ಮುಂದೆಲ್ಲ ಹೊಗಳಿದ್ದ ಗಂಡ, ನನಗೆ ಹೆದರಿ ಇನ್ನೊಬ್ಬರ ಮನೆಯಲ್ಲಿ ಟೀವಿ ನೋಡುತ್ತಿದ್ದರು. ನಾಚಿಕೆಯಾಯಿತು. ಕೊನೆಗೆ ಹಸಿರು ಜನರಿಗೆ ಅವರ ಗ್ರಹ ಮರಳಿ ಸಿಕ್ಕಿತು. ಗೌರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, “ಅವ್ರ್ದಾದ್ರೂ ವಾಪಸ್ ಬಂತು ಬುಡು” ಎಂದರು. ಯಜಮಾನರು ಅವರೆಕಾಳಿನ ತಟ್ಟೆಯನ್ನು ಮೆಲ್ಲಗೆ ನನ್ನ ಕಡೆ ತಳ್ಳಿದರು.

ಮರುದಿನವೇ ಕೇಬಲ್ಲಿನವನಿಗೆ ಫೋನ್ ಮಾಡಿದೆ. “ಮೇಡಂ, ಬೇಡಾಂತ ನೀವೇ ತೆಗೆಸಿದ್ರಲ್ವಾ?” ಎಂದು ಅವನು ನಕ್ಕ, ನಗಲಿ ಎಂದು ಚಾನೆಲ್ ಹಾಕಿಸಿಕೊಂಡೆ. ತಿಂಗಳು ಕಳೆದು ‘ಗ್ರಹಪಾಲಕ’ದ ಎರಡನೇ ಭಾಗ ಶುರುವಾದಾಗ ನಮ್ಮದೇ ಮನೆಯಲ್ಲಿ, ನಮ್ಮದೇ ಸೋಫಾದ ಮೇಲೆ, ಕಾಫಿ ಹಿಡಿದು ಇಬ್ಬರೂ ಕೂತೆವು. ಎರಡನೇ ನಿಮಿಷಕ್ಕೆ ಢಮಾರ್ ಎಂದಿತು. “ಅಲ್ಲರೀ, ಗಾಳೀನೇ ಇಲ್ದಿರೋ ಕಡೆ...” ಎಂದು ನನ್ನ ಬಾಯಿ ತಾನಾಗಿಯೇ ಶುರುಮಾಡಿತು. ಅವರು ನನ್ನ ಕಡೆ ತಿರುಗಲೂ ಇಲ್ಲ. ಅವರ ಕೈ ತನ್ನಷ್ಟಕ್ಕೆ ರಿಮೋಟ್ ಎತ್ತಿಕೊಂಡು ಟೀವಿ ಆರಿಸಿತು. ಸಿಟ್ಟಿಲ್ಲ, ನಿಟ್ಟುಸಿರಿಲ್ಲ, ಕೈಗೆ ಅಷ್ಟು ಅಭ್ಯಾಸವಾಗಿಹೋಗಿತ್ತು.

ಕಪ್ಪು ಪರದೆಯಲ್ಲಿ ನನ್ನ ಮುಖವೇ ಕಾಣುತ್ತಿತ್ತು, ಬಾಯಿ ತೆರೆದುಕೊಂಡೇ ಇತ್ತು. ಮುಚ್ಚಿಕೊಂಡೆ.

“ರೀ, ಮೋಟರ್ ಹಾಕಿ ಬರೋಣ್ವಾ?” ಎಂದೆ.

ನಾನು ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಅವರು ಅರ್ಧ ಮೆಟ್ಟಿಲು ಇಳಿದಾಗಿತ್ತು.